ಪುಚ್ ಇ ಕದಫಾಲ್ಕ್: ಬಾರ್ಸಿಲೋನಾದ ನಾಲ್ಕು ಕಂಬಗಳ ಕಥೆ

ಬಾರ್ಸಿಲೋನಾ ಅಂದ ಕೂಡಲೇ ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ನೆನಪಾಗೋದು ಫುಟ್‌ಬಾಲ್. ಸಿವಿಲ್, ಆರ್ಕಿಟೆಕ್ಚರ್ ಕಡೆಯವರಾದರೆ ಗೌಡಿಯ ಹೆಸರು ಹೇಳ್ತಾರೆ, ಸಗ್ರಾದಾ ಫಮೀಲಿಯಾ ಚರ್ಚಿನ ಫೋಟೊ ತೋರಿಸ್ತಾರೆ. ತಪ್ಪೇನಿಲ್ಲ. ಆದರೆ ಅದೇ ಊರಿನಲ್ಲಿ, ಅದೇ ಕಾಲದಲ್ಲಿ ಇನ್ನೊಬ್ಬರಿದ್ದರು. ಗಣಿತ ಓದಿದವರು, ಆರ್ಕಿಟೆಕ್ಟ್ ಆದವರು, ಕಾಲೇಜಿನಲ್ಲಿ ಪಾಠ ಮಾಡಿದವರು, ಹೇಸರಗತ್ತೆಗಳ ದಾರಿಯಲ್ಲಿ ಬೆಟ್ಟ ಹತ್ತಿ ಎಂಟುನೂರು ವರ್ಷ ಹಳೆಯ ಚಿತ್ರಗಳನ್ನು ದಾಖಲಿಸಿದವರು, ನಾಡಿನ ಆಡಳಿತ ನಡೆಸಿದವರು, ಕೊನೆಗೆ ತಮ್ಮದೇ ಊರಿನಲ್ಲಿ ಒಂದು ಮನೆ ಕಟ್ಟುವ ಹಕ್ಕನ್ನೂ ಕಳೆದುಕೊಂಡವರು. ಅವರ ಹೆಸರು ಜೋಸೆಪ್ ಪುಚ್ ಇ ಕದಫಾಲ್ಕ್.

ಹೆಸರು ಸ್ವಲ್ಪ ಉದ್ದ, ಹಾಗಾಗಿ ಮೊದಲೇ ಬಿಡಿಸಿ ಹೇಳ್ತೀವಿ. ಪುಚ್ ಅನ್ನೋದು ತಂದೆಯ ಕಡೆಯ ಹೆಸರು, ಕದಫಾಲ್ಕ್ ಅನ್ನೋದು ತಾಯಿಯ ಕಡೆಯದು. ನಡುವಿನ ಇ ಅಂದ್ರೆ ಕತಲಾನ್ ಭಾಷೆಯಲ್ಲಿ ಮತ್ತು. ಇಬ್ಬರ ಹೆಸರನ್ನೂ ಜೊತೆಗಿಟ್ಟುಕೊಳ್ಳೋದು ಅಲ್ಲಿನ ಪದ್ಧತಿ. ಮುಂದೆ ನಾವು ಅವರನ್ನು ಪುಚ್ ಅಂತಲೇ ಕರೆಯೋಣ.

ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ಮೇಲೆ ಗುಮ್ಮಟವಿರುವ ಒಂದು ದೊಡ್ಡ ಅರಮನೆಯಂಥ ಕಟ್ಟಡ ಇದೆ. ಅದೇ ಕತಲೂನ್ಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯ. ಚುಟುಕಾಗಿ ಮ್ನಾಕ್ ಅಂತಾರೆ. ಕತಲಾನ್ ಮತ್ತು ಸ್ಪ್ಯಾನಿಷ್ ಕಲೆಯ ಸುಮಾರು ಸಾವಿರ ವರ್ಷಗಳ ಸಂಗ್ರಹ ಅಲ್ಲಿದೆ. ಆ ಕಟ್ಟಡವನ್ನು ಪುಚ್ ಕಟ್ಟಲಿಲ್ಲ. ಆದರೆ ಅದರ ಒಳಗಿರೋ ಅತ್ಯಂತ ಹೆಸರುವಾಸಿ ಚಿತ್ರಗಳು ಅಲ್ಲಿಗೆ ಬಂದದ್ದರಲ್ಲಿ, ಅದರ ಮುಂದಿರೋ ರಸ್ತೆ ಆ ಆಕಾರ ಪಡೆದದ್ದರಲ್ಲಿ ಅವರ ಕೈ ಇದೆ. ಹಾಗಾಗಿ ಈ ಸಂಗ್ರಹಾಲಯ ನೋಡೋಕೆ ಹೋಗುವವರು ಅವರ ಬದುಕನ್ನೂ ಸ್ವಲ್ಪ ತಿಳಿದುಕೊಂಡು ಹೋದರೆ ಒಳ್ಳೇದು ಅನ್ನೋದು ನಮ್ಮ ಅನಿಸಿಕೆ.

ಗಣಿತದಿಂದ ಚರಂಡಿಯವರೆಗೆ

ಪುಚ್ ಹುಟ್ಟಿದ್ದು 1867ರ ಅಕ್ಟೋಬರ್ 17ರಂದು, ಮತರೋ ಅನ್ನೋ ಊರಿನಲ್ಲಿ. ಬಾರ್ಸಿಲೋನಾದ ಈಶಾನ್ಯಕ್ಕೆ ಸಮುದ್ರ ದಂಡೆಯಲ್ಲಿರುವ ಜವಳಿ ಗಿರಣಿಗಳ ಊರು ಅದು. ಐಬೀರಿಯಾ ಪರ್ಯಾಯ ದ್ವೀಪದ ಮೊದಲ ರೈಲು 1848ರಲ್ಲಿ ಓಡಿದ್ದು ಬಾರ್ಸಿಲೋನಾದಿಂದ ಇದೇ ಮತರೋಗೆ. ಪುಚ್ ಅವರ ಮನೆಯದ್ದೂ ಜವಳಿ ಉದ್ಯಮವೇ. ಯಂತ್ರ, ಹೊಗೆ, ಲೆಕ್ಕಾಚಾರ ಇವೆಲ್ಲ ಆ ಹುಡುಗನಿಗೆ ಹುಟ್ಟಿನಿಂದಲೇ ಪರಿಚಯ.

ಬಾರ್ಸಿಲೋನಾಕ್ಕೆ ಓದೋಕೆ ಹೋದಾಗ ಅವರು ಒಂದಲ್ಲ, ಎರಡು ದಾರಿ ಹಿಡಿದರು. ಒಂದು ಕಡೆ ಭೌತ ಮತ್ತು ಗಣಿತ ವಿಜ್ಞಾನ, ಇನ್ನೊಂದು ಕಡೆ ವಾಸ್ತುಶಿಲ್ಪ. 1891ರಲ್ಲಿ ಆರ್ಕಿಟೆಕ್ಟ್ ಆದರು. ಅಲ್ಲಿ ಅವರಿಗೆ ಪಾಠ ಮಾಡಿದವರಲ್ಲಿ ಲುಯೀಸ್ ದುಮೆನೆಕ್ ಇ ಮುಂತನೇರ್ ಒಬ್ಬರು. ಗೌಡಿಯ ಜೊತೆ ಆ ಕಾಲದ ಕತಲಾನ್ ವಾಸ್ತುಶಿಲ್ಪದ ದೊಡ್ಡ ಹೆಸರು ಅವರದು. ಮುಂದೆ ಈ ಮೂವರನ್ನೂ ಒಟ್ಟಿಗೇ ಹೆಸರಿಸುವ ರೂಢಿ ಬಂತು.

ಡಿಗ್ರಿ ಕೈಗೆ ಬಂದ ಮೇಲೆ ಸಿಕ್ಕ ಕೆಲಸ ಮಾತ್ರ ಬಹಳ ಸಾದಾ. ತಮ್ಮ ಹುಟ್ಟೂರು ಮತರೋದ ಪುರಸಭೆಯ ಆರ್ಕಿಟೆಕ್ಟ್. ಒಂದು ಪುಟ್ಟ ಮಾರುಕಟ್ಟೆ ಕಟ್ಟಿದರು, ಊರಿನ ಒಳಚರಂಡಿಗೆ ಯೋಜನೆ ಹಾಕಿದರು. ಮುಂದೆ ಬಾರ್ಸಿಲೋನಾದ ವಾಸ್ತುಶಿಲ್ಪ ಶಾಲೆಯಲ್ಲಿ ಪಾಠ ಮಾಡಿದರು. ವಿಷಯ ಯಾವುದು ಗೊತ್ತಾ? ಹೈಡ್ರಾಲಿಕ್ಸ್ ಮತ್ತು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ನಮ್ಮಲ್ಲಿ ಎಷ್ಟೋ ಜನರ ನಿದ್ದೆ ಕೆಡಿಸಿರೋ ಎರಡು ಪೇಪರ್‌ಗಳು! ಅವರ ಕಟ್ಟಡಗಳ ಹೊರಗಿನ ಹೂಬಳ್ಳಿ, ಶಿಲ್ಪ, ಬಣ್ಣದ ಹೆಂಚು ನೋಡಿ ಇವರು ಬರೀ ಅಲಂಕಾರದವರು ಅಂದುಕೊಳ್ಳೋರಿಗೆ ಈ ವಿಷಯ ಹೇಳಬೇಕು.

ನಾಲ್ಕು ಬೆಕ್ಕು, ಚಾಕೊಲೇಟ್ ಮನೆ, ಬೆಂಕಿಗೆ ಹೆದರದ ಗಿರಣಿ

ಬಾರ್ಸಿಲೋನಾದಲ್ಲಿ ಅವರು ಕಟ್ಟಿದ ಮೊದಲ ದೊಡ್ಡ ಕಟ್ಟಡ 1896ರ ಮಾರ್ತಿ ಮನೆ. ಹಳೇ ಊರಿನ ಇಕ್ಕಟ್ಟಾದ ಓಣಿಯಲ್ಲಿ ಇಟ್ಟಿಗೆಯ ಗೋಡೆ, ಚೂಪು ಕಮಾನು. ಮರುವರ್ಷ ಅದರ ನೆಲಮಹಡಿಯಲ್ಲಿ ಎಲ್ಸ್ ಕ್ವಾತ್ರೆ ಗಾತ್ಸ್, ಅಂದ್ರೆ ನಾಲ್ಕು ಬೆಕ್ಕುಗಳು, ಅನ್ನೋ ಹೋಟೆಲು ಶುರುವಾಯಿತು. ಕಲಾವಿದರು, ಕವಿಗಳು, ಕೆಲಸವಿಲ್ಲದ ಹುಡುಗರು ಎಲ್ಲರ ಅಡ್ಡಾ ಅದು. 1900ರಲ್ಲಿ ಹದಿನೆಂಟು ವರ್ಷದ ಪಿಕಾಸೊ ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದ್ದು ಇದೇ ಹೋಟೆಲಿನಲ್ಲಿ. ಅದನ್ನು ನಡೆಸುತ್ತಿದ್ದ ಪೇರೆ ರೊಮೇವು ಮತ್ತು ಚಿತ್ರಕಾರ ರಮೋನ್ ಕಾಸಸ್ ಇಬ್ಬರೂ ಒಂದೇ ಜೋಡಿ ಸೈಕಲ್ ತುಳಿಯುತ್ತಿರೋ ದೊಡ್ಡ ಚಿತ್ರವನ್ನು 1897ರಲ್ಲಿ ಕಾಸಸ್ ಬರೆದು ಅಲ್ಲಿನ ಗೋಡೆಗೆ ಹಾಕಿದ್ದರು. ಈಗ ಆ ಚಿತ್ರ ಮ್ನಾಕ್‌ನ ಆಧುನಿಕ ಕಲಾ ವಿಭಾಗದಲ್ಲಿದೆ. ಅದರ ಮುಂದೆ ನಿಂತು ಎಲ್ಲರೂ ಸೆಲ್ಫಿ ತೆಗೆದುಕೊಳ್ತಾರೆ. ಅದು ಮೊದಲು ತೂಗಿದ್ದು ಪುಚ್ ಕಟ್ಟಿದ ಗೋಡೆಯ ಮೇಲೆ ಅನ್ನೋದು ಹೆಚ್ಚಿನವರಿಗೆ ಗೊತ್ತಿರೋದಿಲ್ಲ.

ನಂತರ ಬಂದದ್ದು ಅಮತ್ಯೇರ್ ಮನೆ. ಪಸೇಜ್ ದೆ ಗ್ರಾಸಿಯಾ ಅನ್ನೋ ಸಿರಿವಂತರ ಬೀದಿಯಲ್ಲಿ ಚಾಕೊಲೇಟ್ ಉದ್ಯಮಿ ಆಂತೋನಿ ಅಮತ್ಯೇರ್ ಅವರಿಗಾಗಿ ಹಳೆಯ ಮನೆಯೊಂದನ್ನು 1900ರ ಹೊತ್ತಿಗೆ ಪೂರ್ತಿ ಬದಲಿಸಿ ಕೊಟ್ಟರು. ಮುಂಭಾಗದ ತುದಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತೆ, ಹಾಲೆಂಡ್ ಕಡೆಯ ಹಳೇ ಮನೆಗಳ ಹಾಗೆ. ಚಂದಕ್ಕೆ ಮಾತ್ರ ಅಲ್ಲ. ಅಮತ್ಯೇರ್ ಅವರಿಗೆ ಫೋಟೊಗ್ರಫಿಯ ಹುಚ್ಚು. ಆ ಮೆಟ್ಟಿಲು ಗೋಡೆಯ ಹಿಂದೆ ಅವರ ಸ್ಟುಡಿಯೊ ಇತ್ತು. ಕೆಲವು ವರ್ಷಗಳ ನಂತರ ಪಕ್ಕದ ಮನೆಯನ್ನು ಗೌಡಿ ಬದಲಿಸಿ ಕಟ್ಟಿದರು. ಅದೇ ಈಗ ಜಗತ್ಪ್ರಸಿದ್ಧವಾದ ಬಾತ್ಯೋ ಮನೆ. ಇವತ್ತು ಅಲ್ಲಿ ಜನ ಗೌಡಿಯ ಮನೆಗೆ ಕ್ಯೂ ನಿಲ್ಲುತ್ತಾ ಪುಚ್ ಅವರ ಮನೆಯ ಮುಂದೆಯೇ ನಿಂತಿರ್ತಾರೆ.

ಎಂಜಿನಿಯರಿಂಗ್ ಹುಡುಗರಾದ ನಮಗೆ ಇವೆರಡಕ್ಕಿಂತ ಇಷ್ಟವಾಗೋದು ಮೊಂಜುಯಿಕ್ ಗುಡ್ಡದ ಬುಡದಲ್ಲಿರೋ ಕಾಸಾರಮೋನಾ ಹತ್ತಿ ಗಿರಣಿ. ಈ ಮಾಲೀಕರ ಹಳೇ ಕಾರ್ಖಾನೆ ಬೆಂಕಿಗೆ ಆಹುತಿಯಾಗಿತ್ತು. ಹತ್ತಿಯ ಧೂಳು, ಎಣ್ಣೆ, ಮರದ ತೊಲೆ ಎಲ್ಲ ಒಟ್ಟಿಗಿದ್ದರೆ ಒಂದು ಕಿಡಿ ಸಾಕು. ಹಾಗಾಗಿ ಹೊಸ ಕಾರ್ಖಾನೆ ಬೆಂಕಿಗೆ ಹೆದರಬಾರದು ಅನ್ನೋದೇ ವಿನ್ಯಾಸದ ಮುಖ್ಯ ಬೇಡಿಕೆ. ಪುಚ್ ಏನು ಮಾಡಿದರು ಅಂದ್ರೆ, ಇಡೀ ಗಿರಣಿಯನ್ನು ಒಂದೇ ದೊಡ್ಡ ಕಟ್ಟಡ ಮಾಡದೆ ಬೇರೆ ಬೇರೆ ಭಾಗಗಳಾಗಿ ಒಡೆದು, ನಡುವೆ ಬೀದಿಗಳನ್ನು ಬಿಟ್ಟರು. ಒಂದು ಕಡೆ ಹೊತ್ತಿಕೊಂಡರೆ ಇನ್ನೊಂದು ಕಡೆ ದಾಟಬಾರದು ಅಂತ. ನೀರಿಗಾಗಿ ಎರಡು ಗೋಪುರ ಎತ್ತಿದರು. ವಿದ್ಯುತ್ತಿನಲ್ಲಿ ನಡೆಯೋ ಗಿರಣಿಯಾದ್ದರಿಂದ ಹೊಗೆಗೂಡಿನ ಕಂಬ ಬೇಕಾಗಲಿಲ್ಲ. ಮರದ ಬದಲು ಕಬ್ಬಿಣದ ಕಂಬ, ಅದರ ಮೇಲೆ ಕತಲಾನ್ ಕಮಾನು ಚಾವಣಿ.

ಈ ಕತಲಾನ್ ಕಮಾನಿನ ಬಗ್ಗೆ ಎರಡು ಮಾತು ಹೇಳಲೇಬೇಕು. ತೆಳುವಾದ ಇಟ್ಟಿಗೆ ಬಿಲ್ಲೆಗಳನ್ನು ನಿಲ್ಲಿಸಿ ಕಟ್ಟೋದಲ್ಲ, ಮಲಗಿಸಿ ಕಟ್ಟೋದು. ಮೊದಲ ಪದರಕ್ಕೆ ಬೇಗ ಗಟ್ಟಿಯಾಗೋ ಜಿಪ್ಸಮ್ ಗಾರೆ. ಹಾಗಾಗಿ ಕೆಳಗೆ ಭಾರೀ ಮರದ ಸೆಂಟ್ರಿಂಗ್ ಬೇಕಾಗೋದಿಲ್ಲ, ಗಾರೆಯೇ ಬಿಲ್ಲೆಯನ್ನು ಹಿಡಿದುಕೊಳ್ಳುತ್ತೆ. ಅದರ ಮೇಲೆ ಇನ್ನೊಂದು, ಮತ್ತೊಂದು ಪದರ. ಒಟ್ಟು ದಪ್ಪ ಕೆಲವೇ ಇಂಚು, ಆದರೆ ಆಕಾರದ ಬಲದಿಂದ ಭಾರ ಹೊರುತ್ತೆ. ಹಳ್ಳಿಯ ಮೇಸ್ತ್ರಿಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಈ ವಿದ್ಯೆಯನ್ನು ಪುಚ್, ಗೌಡಿ ಇವರೆಲ್ಲ ದೊಡ್ಡ ಕಟ್ಟಡಗಳಿಗೆ ತಂದರು.

ಗಿರಣಿ ಹೆಚ್ಚು ವರ್ಷ ನಡೆಯಲಿಲ್ಲ. ಮುಂದೆ ದಶಕಗಳ ಕಾಲ ಪೊಲೀಸರ ಕುದುರೆ, ವಾಹನಗಳು ಅಲ್ಲಿದ್ದವು. 2002ರಿಂದ ಅದು ಕೈಶಾಫೋರಮ್ ಅನ್ನೋ ಕಲಾ ಕೇಂದ್ರ. ಮ್ನಾಕ್‌ಗೆ ಹೋಗುವವರು ದಾರಿಯಲ್ಲೇ ನೋಡಬಹುದು.

1907ರ ಬೆಟ್ಟದ ಪಯಣ

ಪುಚ್ ಇಷ್ಟೇ ಮಾಡಿದ್ದರೂ ಊರಿನಲ್ಲಿ ಹೆಸರು ಉಳೀತಿತ್ತು. ಆದರೆ ಅವರ ತಲೆಯಲ್ಲಿ ಇನ್ನೊಂದು ಹುಳ ಇತ್ತು. ಹಳೇ ಕಲ್ಲು.

ಪಿರೆನೀಸ್ ಪರ್ವತದ ಕಣಿವೆಗಳಲ್ಲಿ ಸುಮಾರು ಸಾವಿರ ವರ್ಷ ಹಳೆಯ ಪುಟ್ಟ ಪುಟ್ಟ ಚರ್ಚುಗಳಿವೆ. ಸಣ್ಣಗೆ ಕಡಿದ ಕಲ್ಲು, ಎತ್ತರದ ಚೌಕಾಕಾರದ ಗಂಟೆ ಗೋಪುರ, ಗೋಡೆಯ ಮೇಲ್ತುದಿಯಲ್ಲಿ ಸಾಲು ಸಾಲು ಕುರುಡು ಕಮಾನುಗಳು. ಈ ಶೈಲಿಗೆ ರೊಮಾನೆಸ್ಕ್ ಅಂತಾರೆ. ಊರುಗಳು ಬಡವು, ರಸ್ತೆಯಿಲ್ಲ. ಬಡತನವೇ ಅವುಗಳನ್ನು ಕಾಪಾಡಿತ್ತು ಅನ್ನಬಹುದು. ದುಡ್ಡಿದ್ದ ಊರುಗಳಲ್ಲಿ ಹಳೇ ಚರ್ಚು ಕೆಡವಿ ಹೊಸತು ಕಟ್ಟಿದ್ದರು, ಇಲ್ಲಿ ಅದಕ್ಕೂ ಶಕ್ತಿಯಿರಲಿಲ್ಲ.

1907ರಲ್ಲಿ ಎನ್ರಿಕ್ ಪ್ರಾತ್ ದೆ ಲಾ ರೀಬಾ ಅನ್ನೋ ಕತಲಾನ್ ನಾಯಕರು ಕತಲಾನ್ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ತಮ್ಮ ನಾಡಿನ ಇತಿಹಾಸ, ಭಾಷೆ, ವಿಜ್ಞಾನವನ್ನು ತಮ್ಮದೇ ಭಾಷೆಯಲ್ಲಿ ಗಂಭೀರವಾಗಿ ಅಧ್ಯಯನ ಮಾಡೋದು ಅದರ ಗುರಿ. ಪುಚ್ ಮೊದಲಿನಿಂದಲೂ ಅದರ ಸದಸ್ಯರು. ಅದೇ ವರ್ಷ ಆಗಸ್ಟ್ ಕೊನೆಗೆ ಐದು ಜನರ ತಂಡ ಬೆಟ್ಟಕ್ಕೆ ಹೊರಟಿತು. ಪುಚ್, ಕಿರಿಯ ಆರ್ಕಿಟೆಕ್ಟ್ ಜೋಸೆಪ್ ಗುದಾಯ್, ಹಳೇ ಕಲೆಯನ್ನು ಚೆನ್ನಾಗಿ ಬಲ್ಲ ಪಾದ್ರಿ ಜೋಸೆಪ್ ಗುದಿಯೋಲ್, ಕಾನೂನು ಪಂಡಿತ ಗಿಯೆಮ್ ಮರೀಯಾ ದೆ ಬ್ರೊಕಾ, ಫೋಟೊಗ್ರಾಫರ್ ಅದೋಲ್ಫ್ ಮಾಸ್. ಈಗಿನ ಹಾಗೆ ಜೇಬಿನಿಂದ ಫೋನ್ ತೆಗೆದು ಕ್ಲಿಕ್ ಮಾಡೋ ಕಾಲವಲ್ಲ. ಭಾರದ ಕ್ಯಾಮೆರಾ, ಗಾಜಿನ ಪ್ಲೇಟುಗಳು, ಎಲ್ಲ ಪ್ರಾಣಿಗಳ ಬೆನ್ನ ಮೇಲೆ. ಒಂದು ಪ್ಲೇಟ್ ಒಡೆದರೆ ಒಂದು ಚಿತ್ರ ಹೋಯ್ತು.

ಆರಾನ್ ಕಣಿವೆ, ರಿಬಗೋರ್ಸಾ, ಬೊಯಿ ಕಣಿವೆ ಹೀಗೆ ಊರಿಂದ ಊರಿಗೆ ಹೋಗಿ ಅವರು ಅಳತೆ ಹಿಡಿದರು, ನಕ್ಷೆ ಬರೆದರು, ಫೋಟೊ ತೆಗೆದರು. ತಾವುಲ್ ಅನ್ನೋ ಹಳ್ಳಿಯಲ್ಲಿ ಸಂತ ಕ್ಲಿಮೆಂತ್‌ನ ಚರ್ಚು. 1123ರ ಡಿಸೆಂಬರಿನಲ್ಲಿ ಪ್ರತಿಷ್ಠೆಯಾದದ್ದು. ಅದರ ಪೀಠದ ಹಿಂದಿನ ಅರ್ಧವರ್ತುಲದ ಗೋಡೆಯ ಚಿತ್ರಕ್ಕೆ ನಂತರದ ಕಾಲದ ಅಲಂಕಾರದ ಹಲಗೆಗಳು ಅಡ್ಡ ನಿಂತಿದ್ದವು. ಅದರ ಹಿಂದೆ ಕಡುನೀಲಿ ಹಿನ್ನೆಲೆಯಲ್ಲಿ, ಬಾದಾಮಿಯಾಕಾರದ ಪ್ರಭಾವಳಿಯೊಳಗೆ ಕೂತ ಕ್ರಿಸ್ತ. ನೇರ ನೋಟ, ಉದ್ದ ಮುಖ, ಅಳತೆಗೋಲಿನಿಂದ ಎಳೆದಂತೆ ಎರಡೂ ಕಡೆ ಸಮನಾದ ಗೆರೆಗಳು. ಆ ನೀಲಿ ಬಂದದ್ದು ಪಿರೆನೀಸ್‌ನಲ್ಲೇ ಸಿಗುವ ಏರಿನೈಟ್ ಅನ್ನೋ ಖನಿಜದಿಂದ. ಬರೆದ ಕಲಾವಿದನ ಹೆಸರು ಯಾರಿಗೂ ಗೊತ್ತಿಲ್ಲ, ತಾವುಲ್‌ನ ಗುರು ಅಂತಷ್ಟೇ ಕರೀತಾರೆ.

ಪಯಣದಿಂದ ಬಂದ ಮೇಲೆ ಕೆಲಸ ನಿಲ್ಲಲಿಲ್ಲ. ಸಂಸ್ಥೆ ಭಿತ್ತಿಚಿತ್ರಗಳ ಪುಸ್ತಕಮಾಲೆ ಹೊರತಂದಿತು. ಪುಚ್ ಅವರು ಗುದಾಯ್ ಮತ್ತು ಆಂತೋನಿ ದೆ ಫಲ್ಗೇರಾ ಜೊತೆ ಸೇರಿ ಕತಲೂನ್ಯಾದ ರೊಮಾನೆಸ್ಕ್ ವಾಸ್ತುಶಿಲ್ಪದ ಬಗ್ಗೆ ಮೂರು ದಪ್ಪ ಸಂಪುಟಗಳನ್ನು 1909ರಿಂದ 1918ರ ನಡುವೆ ಪ್ರಕಟಿಸಿದರು. ಇಟಲಿಯ ಉತ್ತರ ಭಾಗದಿಂದ ದಕ್ಷಿಣ ಫ್ರಾನ್ಸ್ ಹಾಯ್ದು ಕತಲೂನ್ಯಾದವರೆಗೆ ಒಂದೇ ಬಗೆಯ ಕಟ್ಟುವ ಪದ್ಧತಿ ಹರಡಿತ್ತು ಅಂತ ತೋರಿಸಿ, ಅದನ್ನು ಮೊದಲ ರೊಮಾನೆಸ್ಕ್ ಕಲೆ ಅಂತ ಕರೆದರು. ಈ ಹೆಸರು ಯುರೋಪಿನ ಕಲಾ ಇತಿಹಾಸದಲ್ಲಿ ಇಂದಿಗೂ ಬಳಕೆಯಲ್ಲಿದೆ. ಮೂಲ ಕೆಲಸ ಕತಲಾನ್ ಭಾಷೆಯಲ್ಲೇ ಆಯ್ತು ಅನ್ನೋದನ್ನು ಕನ್ನಡ ಬಳಗದವರಾದ ನಾವು ಗಮನಿಸದೆ ಇರೋಕಾಗಲ್ಲ. ಮೊದಲು ತಮ್ಮವರಿಗೆ ತಮ್ಮ ಭಾಷೆಯಲ್ಲಿ ಬರೆದರು, ನಂತರ ಫ್ರೆಂಚಿನಲ್ಲಿ ಹೊರಗಿನವರಿಗೂ ಹೇಳಿದರು.

ಗೋಡೆಯಿಂದ ಕಳಚಿದ ಚಿತ್ರ

ಪುಸ್ತಕ ಬಂದರೆ ಒಳ್ಳೆಯದಷ್ಟೇ ಆಗುತ್ತೆ ಅಂತ ಹೇಳೋಕಾಗಲ್ಲ. ಬೆಟ್ಟದ ಚರ್ಚುಗಳಲ್ಲಿ ಇಂಥ ಸೊತ್ತು ಇದೆ ಅನ್ನೋದು ವಿದ್ವಾಂಸರಿಗೆ ತಿಳಿದ ಹಾಗೆ ಹಳೇ ವಸ್ತುಗಳ ವ್ಯಾಪಾರಿಗಳಿಗೂ ತಿಳಿಯಿತು. 1919ರಲ್ಲಿ ಮುರ್ ಅನ್ನೋ ಊರಿನ ಸಂತ ಮರೀಯಾ ಚರ್ಚಿನ ಭಿತ್ತಿಚಿತ್ರ ಮಾರಾಟವಾಗಿ, ಇಟಲಿಯಿಂದ ಬಂದ ಕುಶಲಕರ್ಮಿಗಳು ಅದನ್ನು ಗೋಡೆಯಿಂದ ಕಳಚಿಬಿಟ್ಟಿದ್ದರು. ತಡೆಯೋಕೆ ಗಟ್ಟಿ ಕಾನೂನು ಇರಲಿಲ್ಲ. ಆ ಚಿತ್ರ ಸಾಗರ ದಾಟಿ ಅಮೆರಿಕದ ಬಾಸ್ಟನ್ ಲಲಿತಕಲಾ ಸಂಗ್ರಹಾಲಯ ಸೇರಿತು. ಇವತ್ತಿಗೂ ಅಲ್ಲೇ ಇದೆ.

ಇನ್ನೂ ಹಲವು ಚಿತ್ರಗಳು ಅದೇ ದಾರಿ ಹಿಡಿಯೋದರಲ್ಲಿದ್ದವು. ಬಾರ್ಸಿಲೋನಾದ ಸಂಗ್ರಹಾಲಯ ಮಂಡಳಿ ಒಂದು ಕಠಿಣ ನಿರ್ಧಾರ ತೆಗೆದುಕೊಂಡಿತು. ಉಳಿದ ಮುಖ್ಯ ಚಿತ್ರಗಳನ್ನು ತಾವೇ ಕೊಂಡು, ಅದೇ ಇಟಲಿಯ ತಂಡದಿಂದ ತಾವೇ ಕಳಚಿಸಿ ಬಾರ್ಸಿಲೋನಾಕ್ಕೆ ತರೋದು. ಮುಂದೆ ನಿಂತು ಇದನ್ನು ನಡೆಸಿದವರು ಕಲಾ ಇತಿಹಾಸಕಾರ ಜೂವಾಕಿಮ್ ಫೋಲ್ಕ್ ಇ ತೊರೆಸ್. ಆ ವರ್ಷಗಳಲ್ಲಿ ನಾಡಿನ ಆಡಳಿತದ ಅಧ್ಯಕ್ಷರಾಗಿದ್ದವರು ಪುಚ್. ಹನ್ನೆರಡು ವರ್ಷ ಹಿಂದೆ ತಾವೇ ಪಟ್ಟಿ ಮಾಡಿ ಬಂದಿದ್ದ ಗೋಡೆಗಳು ಈಗ ಬೋಳಾಗುತ್ತಿದ್ದವು.

ಕಳಚೋದು ಹೇಗೆ? ಈ ವಿಧಾನಕ್ಕೆ ಸ್ತ್ರಾಪ್ಪೊ ಅಂತಾರೆ. ಚಿತ್ರದ ಮೇಲೆ ಪ್ರಾಣಿಜನ್ಯ ಅಂಟಿನಲ್ಲಿ ಅದ್ದಿದ ಬಟ್ಟೆ ಹಾಸಿ ಅಂಟಿಸ್ತಾರೆ. ಅಂಟು ಒಣಗುತ್ತಾ ಕುಗ್ಗುತ್ತೆ, ಬಣ್ಣದ ಪದರವನ್ನು ಹಿಡಿದು ಎಳೆಯುತ್ತೆ. ಆಗ ಮೆಲ್ಲಗೆ ಬಟ್ಟೆಯನ್ನು ಸುಲಿದರೆ ಗೋಡೆಯ ಗಾರೆ ಅಲ್ಲೇ ಉಳಿದು ತೆಳುವಾದ ಬಣ್ಣದ ಪದರ ಮಾತ್ರ ಬಟ್ಟೆಯ ಜೊತೆ ಬರುತ್ತೆ. ಅದನ್ನು ಚಾಪೆಯಂತೆ ಸುತ್ತಿ, ಹೇಸರಗತ್ತೆಗಳ ಮೇಲೆ ಹೇರಿ ಬೆಟ್ಟ ಇಳಿಸಿದರು. ಬಾರ್ಸಿಲೋನಾದಲ್ಲಿ ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಬಿಸಿ ನೀರಿನಿಂದ ಮುಂಬದಿಯ ಅಂಟು ಕರಗಿಸಿ, ಚರ್ಚಿನ ಗೋಡೆಯ ಆಕಾರದಲ್ಲೇ ಮಾಡಿದ ಮರದ ಚೌಕಟ್ಟಿಗೆ ಕೂರಿಸಿದರು. ಎಂಟುನೂರು ವರ್ಷ ಕಲ್ಲಿಗೆ ಅಂಟಿಕೊಂಡಿದ್ದ ಚಿತ್ರವನ್ನು ಹೀಗೆ ಸುಲಿಯೋವಾಗ ಒಂದು ಕ್ಷಣ ಕೈ ತಪ್ಪಿದರೆ ಮುಗೀತು, ಅನ್‌ಡೂ ಇಲ್ಲ. 1919ರಿಂದ 1923ರವರೆಗೆ ಈ ಕೆಲಸ ನಡೆಯಿತು.

ಇದು ಸರಿಯೋ ತಪ್ಪೋ? ನಮ್ಮಲ್ಲೇ ಇದರ ಬಗ್ಗೆ ಜಗಳವಾಗಿದೆ. ಚಿತ್ರ ಇರಬೇಕಾದ್ದು ಬರೆದ ಗೋಡೆಯ ಮೇಲೆ, ಆ ಊರಿನವರ ಮುಂದೆ, ಅದನ್ನು ಕಿತ್ತರೆ ಊರಿನ ಜೀವವನ್ನೇ ಕಿತ್ತ ಹಾಗೆ ಅನ್ನೋದು ಒಂದು ಪಕ್ಷ. ಕಳಚದಿದ್ದರೆ ಅವು ಬೇರೆ ಬೇರೆ ದೇಶಗಳಿಗೆ ಚದುರಿ ಹೋಗ್ತಿದ್ದವು, ಮುರ್ ಚಿತ್ರದ ಗತಿಯೇ ಸಾಕ್ಷಿ ಅನ್ನೋದು ಇನ್ನೊಂದು. ನಮಗೆ ಅನಿಸಿದ್ದು ಇಷ್ಟು: ಅವರ ಮುಂದಿದ್ದ ಆಯ್ಕೆ ಗೋಡೆ ಮತ್ತು ಸಂಗ್ರಹಾಲಯದ ನಡುವಿನದ್ದಲ್ಲ, ಬಾರ್ಸಿಲೋನಾ ಮತ್ತು ಬಾಸ್ಟನ್ ನಡುವಿನದ್ದು. ಆದರೂ ತಾವುಲ್‌ನ ಜನ ಕಳಕೊಂಡದ್ದು ಸಣ್ಣದಲ್ಲ.

ಅಧಿಕಾರದಲ್ಲಿ ಆರು ವರ್ಷ

ಪುಚ್ ರಾಜಕೀಯಕ್ಕೆ ಬಂದದ್ದು ಇದಕ್ಕೂ ಬಹಳ ಮೊದಲು. 1901ರಲ್ಲಿ ಬಾರ್ಸಿಲೋನಾ ನಗರಸಭೆಗೆ, 1907ರಲ್ಲಿ ಮಾದ್ರಿದ್‌ನ ಸಂಸತ್ತಿಗೆ ಆಯ್ಕೆಯಾದರು. ಅವರ ಪಕ್ಷ ಲ್ಯೀಗಾ ರೆಜಿಯೊನಲಿಸ್ತಾ. ಕತಲೂನ್ಯಾಕ್ಕೆ ಸ್ವಂತ ಆಡಳಿತ ಬೇಕು ಅನ್ನೋ, ಆದರೆ ಉದ್ಯಮಿಗಳ ಬೆಂಬಲವಿದ್ದ ಸಂಪ್ರದಾಯವಾದಿ ಪಕ್ಷ. 1914ರಲ್ಲಿ ನಾಲ್ಕು ಪ್ರಾಂತ್ಯಗಳು ಸೇರಿ ಮಾನ್ಕೊಮುನಿತಾತ್ ಅನ್ನೋ ಒಂದು ಆಡಳಿತ ವ್ಯವಸ್ಥೆ ಬಂತು. ಪ್ರಾತ್ ದೆ ಲಾ ರೀಬಾ ಮೊದಲ ಅಧ್ಯಕ್ಷರು. 1917ರಲ್ಲಿ ಅವರು ತೀರಿಕೊಂಡ ಮೇಲೆ ಆ ಕುರ್ಚಿಗೆ ಬಂದವರು ಪುಚ್.

ಕೈಯಲ್ಲಿದ್ದ ದುಡ್ಡು ಕಡಿಮೆ, ಅಧಿಕಾರ ಇನ್ನೂ ಕಡಿಮೆ. ಆದರೂ ರಸ್ತೆಯಿಲ್ಲದ ಊರುಗಳಿಗೆ ರಸ್ತೆ, ಹಳ್ಳಿಗಳಿಗೆ ಟೆಲಿಫೋನ್, ವೃತ್ತಿ ಶಿಕ್ಷಣದ ಶಾಲೆಗಳು, ಜನರ ಗ್ರಂಥಾಲಯಗಳು ಬಂದವು. ಮೊದಲ ಗ್ರಂಥಾಲಯ 1918ರಲ್ಲಿ ವಾಲ್ಸ್ ಅನ್ನೋ ಊರಿನಲ್ಲಿ ತೆರೆಯಿತು. ಪೊಂಪೇವು ಫಾಬ್ರಾ ಬರೆದ ಕತಲಾನ್ ವ್ಯಾಕರಣ ಬಂದದ್ದೂ ಅದೇ ವರ್ಷ.

ಎಲ್ಲವೂ ಹೊಗಳುವಂಥದ್ದೇ ಅಲ್ಲ. ಪುಚ್ ಬಿಗಿ ಸ್ವಭಾವದವರು. ಸಂಸ್ಥೆಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಲೇಖಕ ಎವುಜೆನಿ ದೋರ್ಸ್ ಅವರ ಜೊತೆ ಜಟಾಪಟಿಯಾಗಿ 1920ರಲ್ಲಿ ದೋರ್ಸ್ ಹೊರಗೆ ಹೋಗಬೇಕಾಯಿತು. ಅದೇ ಹೊತ್ತಿಗೆ ಬಾರ್ಸಿಲೋನಾದ ಬೀದಿಗಳಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕ ಸಂಘದವರೂ ಪಿಸ್ತೂಲು ಹಿಡಿದು ಬಡಿದಾಡುತ್ತಿದ್ದರು. ಪುಚ್ ಅವರ ಪಕ್ಷಕ್ಕೆ ಬೇಕಿದ್ದದ್ದು ಶಾಂತಿ, ಅಂದ್ರೆ ಮಾಲೀಕರಿಗೆ ಅನುಕೂಲವಾದ ಶಾಂತಿ. 1923ರ ಸೆಪ್ಟೆಂಬರ್ 13ರಂದು ಬಾರ್ಸಿಲೋನಾದಲ್ಲೇ ಸೇನಾಧಿಕಾರಿಯಾಗಿದ್ದ ಪ್ರೀಮೊ ದೆ ರಿವೇರಾ ದಂಗೆಯೆದ್ದು ಸರ್ಕಾರ ವಶಪಡಿಸಿಕೊಂಡಾಗ, ಈತ ಶಿಸ್ತು ತರ್ತಾನೆ, ಕತಲೂನ್ಯಾದ ಬೇಡಿಕೆಗೂ ಕಿವಿಗೊಡ್ತಾನೆ ಅಂತ ಪುಚ್ ನಂಬಿದರು. ಅವರ ಬದುಕಿನ ದೊಡ್ಡ ತಪ್ಪು ಲೆಕ್ಕ ಇದು. ವಾರ ಕಳೆಯುವಷ್ಟರಲ್ಲಿ ಕತಲಾನ್ ಬಾವುಟಕ್ಕೂ ಸರ್ಕಾರಿ ಕೆಲಸದಲ್ಲಿ ಭಾಷೆಗೂ ನಿಷೇಧ ಬಂತು. ಕೆಲವೇ ತಿಂಗಳಲ್ಲಿ ಪುಚ್ ಅಧಿಕಾರ ಬಿಟ್ಟು ಹೊರನಡೆದರು. 1925ರಲ್ಲಿ ಮಾನ್ಕೊಮುನಿತಾತ್ ಅನ್ನೇ ರದ್ದು ಮಾಡಲಾಯಿತು.

ನಾಲ್ಕು ಕಂಬಗಳು

ಈಗ ಗುಡ್ಡಕ್ಕೆ ಬರೋಣ. ವಿದ್ಯುತ್ ಉದ್ಯಮಗಳ ಅಂತರರಾಷ್ಟ್ರೀಯ ಪ್ರದರ್ಶನವೊಂದನ್ನು ಮೊಂಜುಯಿಕ್ ಗುಡ್ಡದಲ್ಲಿ ನಡೆಸಬೇಕು, ಆ ನೆಪದಲ್ಲಿ ಪಾಳುಬಿದ್ದ ಗುಡ್ಡವನ್ನು ಊರಿಗೆ ಸೇರಿಸಬೇಕು ಅನ್ನೋ ಯೋಜನೆಗೆ ಬಹಳ ವರ್ಷ ದುಡಿದವರು ಪುಚ್. ಕೆಳಗೆ ಎಸ್ಪಾನ್ಯಾ ವೃತ್ತ, ಅಲ್ಲಿಂದ ನೇರ ಮೇಲೇರುವ ಅಗಲ ರಸ್ತೆ, ತುದಿಯಲ್ಲಿ ದೊಡ್ಡ ಅರಮನೆ. ಇವತ್ತು ನಾವು ನೋಡೋ ಈ ನೇರ ಗೆರೆ ಅವರ ನಕ್ಷೆಯಿಂದ ಬಂದದ್ದು. ಆ ಗೆರೆಯ ಮೇಲೆ 1919ರಲ್ಲಿ ಅವರು ನಾಲ್ಕು ಕಂಬ ನಿಲ್ಲಿಸಿದರು. ಸುಮಾರು 20 ಮೀಟರ್ ಎತ್ತರ, ತಲೆಯಲ್ಲಿ ಗ್ರೀಕರ ಅಯಾನಿಕ್ ಶೈಲಿಯ ಸುರುಳಿ.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಲೆಕ್ಕದಲ್ಲಿ ಇವು ಯಾವ ಭಾರವನ್ನೂ ಹೊರುವ ಕಂಬಗಳಲ್ಲ. ಮೇಲೆ ಚಾವಣಿಯಿಲ್ಲ, ತೊಲೆಯಿಲ್ಲ. ಹೊತ್ತಿದ್ದು ಅರ್ಥವನ್ನು ಮಾತ್ರ. ಕತಲಾನ್ ಬಾವುಟದಲ್ಲಿ ಹಳದಿಯ ಮೇಲೆ ನಾಲ್ಕು ಕೆಂಪು ಪಟ್ಟಿಗಳಿವೆ, ಈ ನಾಲ್ಕು ಕಂಬಗಳು ಆ ನಾಲ್ಕು ಪಟ್ಟಿಗಳು. ಬಾವುಟ ಹಾರಿಸಿದರೆ ಇಳಿಸಬಹುದು, ಕಂಬ ಯಾರು ಇಳಿಸ್ತಾರೆ ಅಂತ ಅಂದುಕೊಂಡಿದ್ದಿರಬಹುದು.

ಇಳಿಸಿದರು. ಪ್ರದರ್ಶನಕ್ಕೆ ಜಗತ್ತಿನ ಜನ ಬರೋ ಮುಂಚೆ, 1928ರಲ್ಲಿ, ಸರ್ವಾಧಿಕಾರದ ಆಡಳಿತ ಆ ಕಂಬಗಳನ್ನು ಕೆಡವಿಸಿತು. ತುದಿಯ ಅರಮನೆಯನ್ನು ಬೇರೆ ಆರ್ಕಿಟೆಕ್ಟ್‌ಗಳು ಕಟ್ಟಿದರು. ಕಂಬಗಳಿದ್ದ ಜಾಗಕ್ಕೆ ಕಾರ್ಲಸ್ ಬುಯಿಗಾಸ್ ಅನ್ನೋ ಎಂಜಿನಿಯರ್ ಬಣ್ಣದ ಬೆಳಕಿನ ಕಾರಂಜಿ ಮಾಡಿದರು. 1929ರ ಮೇ ತಿಂಗಳಲ್ಲಿ ಪ್ರದರ್ಶನ ಆರಂಭವಾಯಿತು. ಪುಚ್ ನಕ್ಷೆ ಹಾಕಿದ್ದ ಎರಡು ಭವನಗಳು ರಸ್ತೆಯ ಎರಡು ಬದಿಗಿದ್ದವು. ಅವುಗಳಿಗೆ ಇಟ್ಟಿದ್ದ ಹೆಸರು ರಾಜ ಹದಿಮೂರನೇ ಅಲ್ಫೊನ್ಸೊ ಮತ್ತು ರಾಣಿ ವಿಕ್ಟೋರಿಯಾ ಯುಜೀನಿಯಾ ಅವರದು.

ಪ್ರದರ್ಶನ ಮುಗಿಯಿತು, ಸರ್ವಾಧಿಕಾರಿ ಹೋದ, ರಾಜನೂ ಹೋದ. ಗಣರಾಜ್ಯ ಬಂತು. ಖಾಲಿ ಉಳಿದ ಅರಮನೆಗೆ 1934ರಲ್ಲಿ ಒಂದು ಘನವಾದ ಕೆಲಸ ಸಿಕ್ಕಿತು. ಬೆಟ್ಟದಿಂದ ಇಳಿಸಿ ತಂದಿದ್ದ ಭಿತ್ತಿಚಿತ್ರಗಳೆಲ್ಲ ಅಲ್ಲಿಗೆ ಬಂದು, ಫೋಲ್ಕ್ ಇ ತೊರೆಸ್ ನಿರ್ದೇಶನದಲ್ಲಿ ಕತಲೂನ್ಯಾ ಕಲಾ ಸಂಗ್ರಹಾಲಯ ಬಾಗಿಲು ತೆರೆಯಿತು. ಈಗಿನ ಮ್ನಾಕ್‌ನ ಬೇರು ಅದು.

ದೇಶ ಬಿಟ್ಟದ್ದು, ಮರಳಿದ್ದು

ಎರಡು ವರ್ಷವೂ ನೆಮ್ಮದಿ ಇರಲಿಲ್ಲ. 1936ರ ಜುಲೈನಲ್ಲಿ ಅಂತರ್ಯುದ್ಧ ಸಿಡಿಯಿತು. ಬಾರ್ಸಿಲೋನಾದಲ್ಲಿ ಚರ್ಚುಗಳು ಉರಿಯುತ್ತಿದ್ದವು. ಸಿರಿವಂತರ ಪಕ್ಷದ ಹಳೇ ನಾಯಕನಿಗೆ ಆ ಬೀದಿಗಳು ಸುರಕ್ಷಿತವಾಗಿರಲಿಲ್ಲ. ಪುಚ್ ಫ್ರಾನ್ಸಿಗೆ ಹೋದರು. ಭಿತ್ತಿಚಿತ್ರಗಳೂ ಬಾಂಬಿನ ಭಯಕ್ಕೆ ಊರು ಬಿಟ್ಟವು. ಮೊದಲು ಒಳನಾಡಿನ ಒಲೋತ್ ಪಟ್ಟಣದ ಚರ್ಚಿಗೆ, ಅವುಗಳಲ್ಲಿ ಕೆಲವು 1937ರಲ್ಲಿ ಪ್ಯಾರಿಸ್‌ನ ಪ್ರದರ್ಶನಕ್ಕೆ. ಚಿತ್ರಗಳನ್ನು ಬೆಟ್ಟದಲ್ಲಿ ದಾಖಲಿಸಿದವರೂ ಆ ಚಿತ್ರಗಳೂ ಒಂದೇ ಕಾಲದಲ್ಲಿ ಪರದೇಶದ ಪಾಲಾದರು.

ಎರಡನೇ ಮಹಾಯುದ್ಧದ ನಡುವೆ ಪುಚ್ ಬಾರ್ಸಿಲೋನಾಕ್ಕೆ ಮರಳಿದರು. ಆಗ ಫ್ರಾಂಕೊ ಆಡಳಿತ. ಎಡಪಂಥೀಯರಿಗೆ ಹೆದರಿ ಓಡಿದ್ದ ಸಂಪ್ರದಾಯವಾದಿ ಮುದುಕನಿಗೆ ಬಲಪಂಥೀಯರಾದರೂ ಜಾಗ ಕೊಡಬಹುದಿತ್ತು. ಕೊಡಲಿಲ್ಲ. ಕತಲಾನ್ ಪರ ನಾಯಕ ಅನ್ನೋ ಕಾರಣಕ್ಕೆ ಅವರ ವೃತ್ತಿಗೇ ನಿಷೇಧ ಹಾಕಿದರು. ಊರಿನ ತುಂಬ ಅವರು ಕಟ್ಟಿದ ಕಟ್ಟಡಗಳಿದ್ದವು, ಹೊಸದೊಂದು ಕಟ್ಟೋ ಹಾಗಿರಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು.

ಕಟ್ಟಡ ಇಲ್ಲದಿದ್ದರೇನು, ಬರೆಯೋದು ಇತ್ತಲ್ಲ. ಸರ್ಕಾರ ಮುಚ್ಚಿಸಿದ್ದ ಕತಲಾನ್ ಅಧ್ಯಯನ ಸಂಸ್ಥೆಯನ್ನು 1942ರಲ್ಲಿ ಕೆಲವರು ಸದ್ದಿಲ್ಲದೆ ಮತ್ತೆ ಶುರು ಮಾಡಿದರು. ಕಚೇರಿಯಿಲ್ಲ, ಬೋರ್ಡಿಲ್ಲ. ಸಭೆಗಳು ಮನೆಗಳಲ್ಲಿ. ಅದಕ್ಕೆ ಬೆನ್ನೆಲುಬಾಗಿ, ಅಧ್ಯಕ್ಷರಾಗಿ ನಿಂತವರು ಪುಚ್. 1949ರಿಂದ ಶುರುವಾಗಿ ಕತಲೂನ್ಯಾದ ರೊಮಾನೆಸ್ಕ್ ಶಿಲ್ಪಕಲೆಯ ಬಗ್ಗೆ ಮೂರು ಸಂಪುಟ ಪ್ರಕಟಿಸಿದರು. ಯೌವನದಲ್ಲಿ ಬೆಟ್ಟ ಹತ್ತಿ ಶುರು ಮಾಡಿದ ಕೆಲಸವನ್ನು ಎಂಬತ್ತು ದಾಟಿದ ಮೇಲೂ ಬಿಡಲಿಲ್ಲ. 1956ರ ಡಿಸೆಂಬರ್ 23ರಂದು ಬಾರ್ಸಿಲೋನಾದಲ್ಲಿ ತೀರಿಕೊಂಡರು. ವಯಸ್ಸು 89.

ನೋಡೋಕೆ ಹೋಗೋರಿಗೆ

ಫ್ರಾಂಕೊ ಕಾಲ ಮುಗಿದು ಕತಲೂನ್ಯಾಕ್ಕೆ ಮತ್ತೆ ಸ್ವಂತ ಆಡಳಿತ ಬಂತು. ಇಟಲಿಯ ಆರ್ಕಿಟೆಕ್ಟ್ ಗಾಯೆ ಔಲೆಂತಿ ಅವರ ನೇತೃತ್ವದಲ್ಲಿ ಅರಮನೆಯ ಒಳಭಾಗ ಹೊಸದಾಯಿತು. 1995ರಲ್ಲಿ ರೊಮಾನೆಸ್ಕ್ ಕೋಣೆಗಳು, 2004ರಲ್ಲಿ ಇಡೀ ಸಂಗ್ರಹಾಲಯ ಜನರಿಗೆ ತೆರೆಯಿತು. ಬೊಯಿ ಕಣಿವೆಯ ಚರ್ಚುಗಳು 2000ದಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ತಾವುಲ್ ಚರ್ಚಿನ ಬೋಳು ಗೋಡೆಯ ಮೇಲೆ ಈಗ ಪ್ರೊಜೆಕ್ಟರ್ ಬೆಳಕಿನಿಂದ ಆ ಹಳೇ ಚಿತ್ರವನ್ನು ಮೂಡಿಸಿ ತೋರಿಸ್ತಾರೆ.

ಮಾಸ್ಟರ್ಸ್ ಓದೋಕೋ ಕೆಲಸಕ್ಕೋ ಯುರೋಪಿಗೆ ಹೋಗೋ ಸೀನಿಯರ್‌ಗಳು ನಮ್ಮಲ್ಲಿ ವರ್ಷಾ ವರ್ಷ ಇದ್ದೇ ಇರ್ತಾರೆ. ಅವರಿಗಾಗಿ ಒಂದು ದಾರಿ ಹೇಳ್ತೀವಿ. ಮೆಟ್ರೊದಲ್ಲಿ ಎಸ್ಪಾನ್ಯಾ ನಿಲ್ದಾಣದಲ್ಲಿ ಇಳಿಯಿರಿ. ಮೊದಲು ಕಾಸಾರಮೋನಾ ಗಿರಣಿಗೆ ಹೋಗಿ ಇಟ್ಟಿಗೆ ಕೆಲಸ, ನೀರಿನ ಗೋಪುರ ನೋಡಿ. ಆಮೇಲೆ ನೇರ ರಸ್ತೆಯಲ್ಲಿ ಗುಡ್ಡ ಹತ್ತಿ. ಸಂಗ್ರಹಾಲಯದ ರೊಮಾನೆಸ್ಕ್ ಕೋಣೆಗಳಲ್ಲಿ ತಾವುಲ್‌ನ ಕ್ರಿಸ್ತನ ಮುಂದೆ ನಿಂತಾದ ಮೇಲೆ ಒಮ್ಮೆ ಹಿಂಬದಿಗೂ ಹೋಗಿ. ಚಿತ್ರವನ್ನು ಹಿಡಿದು ನಿಂತಿರೋ ಮರದ ಪಕ್ಕೆಲುಬುಗಳು ಕಾಣುತ್ತವೆ, ದೋಣಿಯನ್ನು ಒಳಗಿನಿಂದ ನೋಡಿದ ಹಾಗೆ. ಮೇಲಿನ ಮಹಡಿಯಲ್ಲಿ ಜೋಡಿ ಸೈಕಲ್ಲಿನ ಚಿತ್ರವನ್ನು ಮರೀಬೇಡಿ. ಎಲ್ಲ ನೋಡೋಕೆ ಅರ್ಧ ದಿನ ಬೇಕು. ಸೋಮವಾರ ಸಾಮಾನ್ಯವಾಗಿ ರಜೆ ಇರುತ್ತೆ, ಶನಿವಾರ ಮಧ್ಯಾಹ್ನ 3ರ ನಂತರ ಟಿಕೆಟ್ ಇಲ್ಲದೆ ಬಿಡ್ತಾರೆ. ಹೋಗೋ ಮುಂಚೆ ಅವರ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರೆ ಕಾರಂಜಿಯ ಹತ್ತಿರ ನಾಲ್ಕು ಕಂಬ ಕಾಣುತ್ತವೆ. 2010ರಲ್ಲಿ ಅವನ್ನು ಮತ್ತೆ ಕಟ್ಟಿದರು, ಹೆಚ್ಚು ಕಡಿಮೆ ಹಳೇ ಅಳತೆಯಲ್ಲೇ. ಹಳೇ ಜಾಗದಲ್ಲಿ ಮಾತ್ರ ಅಲ್ಲ, ಅಲ್ಲಿ ಕಾರಂಜಿ ಇದೆಯಲ್ಲ, ಹಾಗಾಗಿ ಸ್ವಲ್ಪ ಸರಿಸಿ. ಕಾರಂಜಿಯನ್ನೂ ಯಾರೂ ಕೆಡವಲಿಲ್ಲ, ಕಂಬಗಳನ್ನೂ ಬಿಟ್ಟುಕೊಡಲಿಲ್ಲ. ಅಲ್ಲಿ ಸಂಜೆ ಹೊತ್ತು ಜನ ಕೂತು ಮಾತಾಡ್ತಾ ಇರ್ತಾರೆ. ನೀವು ಹೋದಾಗ ಒಂದು ಫೋಟೊ ತೆಗೆದು ನಮ್ಮ ಬಳಗಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.